ಕಾಣದ ಒಕ್ಕಲು

ಮನೆಯಲ್ಲಿ ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ನಾವು ಬೆರಳು ಮಡಿಸಿ ಹೇಳುತ್ತೇವೆ. ರೇಷನ್ ಕಾರ್ಡಿನಲ್ಲಿರುವ ಹೆಸರುಗಳು, ಊಟಕ್ಕೆ ಹಾಕುವ ಎಲೆಗಳು, ರಾತ್ರಿ ಬಿಚ್ಚುವ ಹಾಸಿಗೆಗಳು, ಅಲ್ಲಿಗೆ ಲೆಕ್ಕ ಮುಗಿಯಿತು. ನನ್ನಜ್ಜಿಯ ಲೆಕ್ಕ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಆಕೆಯ ಮನೆಯಲ್ಲಿ ಕಣ್ಣಿಗೆ ಬೀಳುವವರಷ್ಟೇ ಬೀಳದವರೂ ಇದ್ದರು. ಹೊಸಿಲಲ್ಲಿ ಲಕ್ಷ್ಮಿ, ಒಲೆಯಲ್ಲಿ ಅಗ್ನಿ, ಅಕ್ಕಿ ಪಾತ್ರೆಯಲ್ಲಿ ಅನ್ನಪೂರ್ಣೆ, ಹಿತ್ತಿಲ ಹುತ್ತದಲ್ಲಿ ನಾಗಪ್ಪ, ತೊಲೆಯ ಮೇಲೆಲ್ಲೋ ಕೂತು ನಾವಾಡಿದ್ದಕ್ಕೆಲ್ಲ ಅಸ್ತು ಅನ್ನುವ ದೇವತೆಗಳು. ಗೋಡೆಯ ಮೇಲಿನ ಹಲ್ಲಿಗೂ ಆ ಸಂಸಾರದಲ್ಲಿ ಒಂದು ಜಾಗವಿತ್ತು. ಅದು ಲೊಚಗುಟ್ಟಿದರೆ ಅಜ್ಜಿ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ನೆಲವನ್ನು ಬೆರಳಿನಿಂದ ತಟ್ಟಿ, ಕೃಷ್ಣ ಕೃಷ್ಣ ಅನ್ನುತ್ತಿದ್ದಳು.

ಇಷ್ಟು ಜನ ಒಂದೇ ಸೂರಿನಡಿ ಇದ್ದ ಮೇಲೆ ನಡೆನುಡಿಗೆ ಕಟ್ಟಳೆ ಇರಲೇಬೇಕು. ಮುಸ್ಸಂಜೆಯಲ್ಲಿ ಕಸ ಗುಡಿಸುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಹಿತ್ತಿಲ ಬಾಗಿಲು ಮುಚ್ಚಿರಬೇಕು. ಹೊಸಿಲ ಮೇಲೆ ಕೂತು ತಲೆ ಬಾಚುವಂತಿಲ್ಲ. ಖಾಲಿ ಮೊರವನ್ನು ಯಾರ ಕೈಗೂ ಕೊಡುವಂತಿಲ್ಲ. ರಾತ್ರಿ ಎಲ್ಲರ ಊಟವಾದ ಮೇಲೂ ಅನ್ನದ ಪಾತ್ರೆಯಲ್ಲಿ ಒಂದು ಹಿಡಿ ಉಳಿದಿರಬೇಕು. ಎಷ್ಟೇ ಸಿಟ್ಟು ಬಂದರೂ ಮಕ್ಕಳಿಗೆ ಹಾಳಾಗಿ ಹೋಗು ಅನ್ನುವಂತಿಲ್ಲ, ಯಾಕೆಂದರೆ ತೊಲೆಯ ಮೇಲಿನವರು ಅದಕ್ಕೂ ಅಸ್ತು ಅಂದುಬಿಟ್ಟರೆ ಮುಂದೇನು ಗತಿ? ಈ ಕೊನೆಯ ಕಟ್ಟಳೆಯ ಬಗ್ಗೆ ನನಗೆ ಈಗಲೂ ಅಪಾರ ಗೌರವ. ಕೇಳಿಸಿಕೊಳ್ಳುವವರು ಯಾರೋ ಇದ್ದಾರೆ ಎಂಬ ಒಂದೇ ನಂಬಿಕೆಯಿಂದ ಎಷ್ಟು ಮನೆಗಳಲ್ಲಿ ಎಷ್ಟು ಕೆಟ್ಟ ಮಾತು ನಾಲಿಗೆಯ ತುದಿಗೆ ಬಂದು ಹಾಗೇ ಹಿಂದಿರುಗಿರಬಹುದು!

ಲೋಕದ ಜನ ನಂಬಿಕೊಂಡು ಬಂದ ವಿಚಿತ್ರ ಜೀವಿಗಳ ಕತೆಗಳನ್ನು ನಾನು ಬಹಳ ಕಾಲದಿಂದ ಆಸೆಪಟ್ಟು ಓದುತ್ತಾ ಬಂದಿದ್ದೇನೆ. ಬೆಂಕಿಯುಗುಳುವ ಡ್ರ್ಯಾಗನ್, ಬೂದಿಯಿಂದೇಳುವ ಫೀನಿಕ್ಸ್, ನಮ್ಮದೇ ಗಂಡಭೇರುಂಡ, ಎಲ್ಲವೂ ಚೆಂದವೇ. ಆದರೆ ಅವೆಲ್ಲ ದೂರದವು. ಧ್ವಜಗಳಲ್ಲಿ, ಗೋಪುರಗಳಲ್ಲಿ, ರಾಜಮುದ್ರೆಗಳಲ್ಲಿ ನೆಲೆಸುವಂಥವು. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ಕೂರುವುದು ಒಲೆಯ ಹಿಂದೆ, ಅಟ್ಟದ ಮೇಲೆ, ಹೊಸಿಲ ಕೆಳಗೆ ಇರುವ ಸಣ್ಣವರ ಹತ್ತಿರ. ಅವರು ಗಂಜಿ ಕುಡಿಯುತ್ತಾರೆ, ಮುನಿಸಿಕೊಳ್ಳುತ್ತಾರೆ, ಮನೆ ಬಿಟ್ಟು ಹೋಗುತ್ತಾರೆ. ಒಬ್ಬರನ್ನೊಬ್ಬರು ಕಂಡೇ ಅರಿಯದ ಜನಾಂಗಗಳು ತಮ್ಮ ಮನೆ ತಮ್ಮೊಬ್ಬರದೇ ಅಲ್ಲ ಎಂದು ಒಂದೇ ರೀತಿ ಭಾವಿಸಿದ್ದು ನನಗೆ ಮನುಷ್ಯರ ಬಗ್ಗೆ ತಿಳಿದಿರುವ ಅತ್ಯಂತ ಹಿತವಾದ ಸಂಗತಿಗಳಲ್ಲೊಂದು.

ರಷ್ಯಾದ ಹಳ್ಳಿಯ ಮರದ ಮನೆಯಲ್ಲಿ ಇಂಥವನ ಹೆಸರು ದೊಮೊವೊಯ್. ಅಲ್ಲಿನ ಒಲೆ ನಮ್ಮ ಒಲೆಯಂತಲ್ಲ, ಮನೆಯ ಕಾಲುಭಾಗವನ್ನೇ ಹಿಡಿಯುವ ದೊಡ್ಡ ಕಟ್ಟೋಣ. ಅದರಲ್ಲೇ ಅಡುಗೆ, ಅದರಿಂದಲೇ ಮನೆಗೆಲ್ಲ ಕಾವು, ಮುದುಕರೂ ಮಕ್ಕಳೂ ಮಲಗುವುದು ಅದರ ನೆತ್ತಿಯ ಮೇಲೆ. ಹೊರಗೆ ತಿಂಗಳುಗಟ್ಟಲೆ ಹಿಮ. ಅಂಥ ಕಡೆ ಮನೆಯ ಜೀವ ಒಲೆಯ ಹಿಂದೆಯೇ ಇರುತ್ತದೆ ಎಂದು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ದೊಮೊವೊಯ್ ಮೈತುಂಬ ರೋಮವಿರುವ ಗಿಡ್ಡ ಮುದುಕ. ಮುಖ ಮಾತ್ರ ಆ ಮನೆಯ ಯಜಮಾನನದೇ. ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅಜ್ಜ ಅನ್ನಬೇಕು, ಇಲ್ಲವೇ ಯಜಮಾನ ಅನ್ನಬೇಕು. ಅವನಿಗೆ ಹಿಡಿಸಿದ ಬಣ್ಣದ ಕುದುರೆ ಕೊಟ್ಟಿಗೆಯಲ್ಲಿದ್ದರೆ ರಾತ್ರಿ ಅದರ ಕೇಸರಕ್ಕೆ ಜಡೆ ಹೆಣೆಯುತ್ತಾನೆ. ಹಿಡಿಸದ ಕುದುರೆಯನ್ನು ಬೆಳಗಿನತನಕ ಗೋಳಾಡಿಸುತ್ತಾನೆ. ನಡುರಾತ್ರಿ ನಿದ್ದೆಯಲ್ಲಿ ಎದೆಯ ಮೇಲೆ ಭಾರ ಕೂತಂತಾದರೆ ಅದು ಅವನೇ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಧೈರ್ಯಮಾಡಿ ಕೇಳಬೇಕು. ಮುಟ್ಟಿದ ಕೈ ಬೆಚ್ಚಗೆ, ರೋಮರೋಮವಾಗಿದ್ದರೆ ಒಳ್ಳೆಯದು. ತಣ್ಣಗೆ ಬರಿದಾಗಿದ್ದರೆ ಕೇಡು.

ಅಲ್ಲಿನವರು ಮನೆ ಬದಲಿಸುತ್ತಿದ್ದ ರೀತಿಯನ್ನು ಓದಿದಾಗ ನನ್ನ ಮನಸ್ಸು ತುಂಬಿ ಬಂತು. ಸಾಮಾನೆಲ್ಲ ಗಾಡಿಗೇರಿದ ಮೇಲೆ ಮನೆಯ ಹಿರಿಯ ಹೆಂಗಸು ಹಳೆಯ ಒಲೆಯ ಕೆಂಡವನ್ನು ಮಡಕೆಗೆ ತುಂಬಿಕೊಳ್ಳುತ್ತಿದ್ದಳು. ಒಲೆಯ ಕಡೆ ತಿರುಗಿ, ಅಜ್ಜಾ, ನಾವು ಹೊರಟೆವು, ನೀನೂ ನಮ್ಮ ಜೊತೆ ಬಾ ಎಂದು ಕರೆಯುತ್ತಿದ್ದಳು. ಕೆಲವು ಕಡೆ ಕೆಂಡದ ಬದಲು ಹಳೆಯ ಪಾದರಕ್ಷೆ. ಅಜ್ಜ ಅದರೊಳಗೆ ಕೂತು ಬರುತ್ತಾನೆ. ಹೊಸ ಮನೆಯಲ್ಲಿ ಕೆಂಡ ಸುರಿದು, ಬ್ರೆಡ್ಡು ಉಪ್ಪು ಇಟ್ಟು ಅವನನ್ನು ಬರಮಾಡಿಕೊಳ್ಳಬೇಕು. ಕರೆಯದೆ ಬಂದುಬಿಟ್ಟರೆ ಅವನು ಖಾಲಿ ಮನೆಯಲ್ಲಿ ಒಬ್ಬನೇ ಉಳಿದು ರಾತ್ರಿಯೆಲ್ಲ ಅಳುತ್ತಾನಂತೆ. ನಾವು ಬಿಟ್ಟುಬಂದ ಮನೆಗಳ ನೆನಪು ನಮ್ಮಲ್ಲಿ ಯಾರಿಗಿಲ್ಲ? ಬೀಗ ಹಾಕಿ, ಕೀಲಿ ಕೊಟ್ಟು, ಒಮ್ಮೆ ತಿರುಗಿ ನೋಡಿದಾಗ ಒಳಗೆ ಯಾರನ್ನೋ ಬಿಟ್ಟು ಬಂದ ಹಾಗೆ ಅನ್ನಿಸುತ್ತದೆ. ಆ ಸಂಕಟಕ್ಕೆ ರಷ್ಯಾದ ರೈತಹೆಂಗಸರ ಬಳಿ ಒಂದು ಪರಿಹಾರವಿತ್ತು. ಆ ಯಾರನ್ನೋ ಅವರು ಜೊತೆಯಲ್ಲೇ ಕರೆದುಕೊಂಡು ಬಂದರು.

ಹೊಸ ಮನೆಯೊಳಗೆ ಮೊದಲು ಕಾಲಿಡಬೇಕಾದದ್ದು ಬೆಕ್ಕು ಎಂಬುದು ಅಲ್ಲಿನ ಇನ್ನೊಂದು ನಂಬಿಕೆ, ಇವತ್ತಿಗೂ ಜೀವಂತವಾಗಿರುವುದು. 2014ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕಾದ ಸ್ಬೆರ್‌ಬ್ಯಾಂಕ್ ಮನೆಸಾಲ ಪಡೆದವರ ಗೃಹಪ್ರವೇಶಕ್ಕೆ ಬೆಕ್ಕನ್ನು ಕಳಿಸಿಕೊಡುವ ಏರ್ಪಾಡನ್ನೇ ಮಾಡಿತ್ತು. ನಮ್ಮಲ್ಲಿ ಆ ಗೌರವ ಹಸುವಿನದು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶದ ಬೆಳಗಿನ ಜಾವ ಹಸುಕರುವನ್ನು ಹೊಡೆದುಕೊಂಡು ಬರುವವರನ್ನು ನೋಡಿದ್ದೇನೆ. ಟೈಲ್ಸ್ ನೆಲದ ಮೇಲೆ ಗೊರಸು ಜಾರದಂತೆ ಗೋಣಿತಾಟು ಹಾಸಿರುತ್ತಾರೆ. ಮನುಷ್ಯನಿಗಿಂತ ಮೊದಲು ಇನ್ನೊಂದು ಪ್ರಾಣಿ ಒಳಗೆ ಹೋಗಿ, ಮೂಸಿ ನೋಡಿ, ಇಲ್ಲಿ ಬದುಕಬಹುದು ಎಂದು ಒಪ್ಪಿಗೆ ಕೊಡಬೇಕು ಎಂಬ ಈ ಭಾವನೆ ವೋಲ್ಗಾ ತೀರದಲ್ಲೂ ಕಾವೇರಿ ತೀರದಲ್ಲೂ ಒಂದೇ.

ರಷ್ಯಾದ ಮನೆಯ ಸುತ್ತ ಇನ್ನೂ ಕೆಲವರಿದ್ದರು. ಸ್ನಾನದ ಗುಡಿಸಲಿನಲ್ಲಿ ಬಾನ್ನಿಕ್. ಮನೆಯವರೆಲ್ಲ ಸರದಿಯ ಮೇಲೆ ಮಿಂದಾದ ಮೇಲೆ ಕೊನೆಯ ಸರದಿ ಅವನದು. ಅವನಿಗೆಂದು ಬಿಸಿನೀರು ಉಳಿಸಿ ಬಾಗಿಲು ಎಳೆದುಕೊಂಡು ಬರಬೇಕು. ಹೊತ್ತು ಮೀರಿ ಒಬ್ಬರೇ ಸ್ನಾನಕ್ಕೆ ಹೋದವರನ್ನು ಅವನು ಸುಮ್ಮನೆ ಬಿಡುವುದಿಲ್ಲ. ಉರಿಯುವ ಕಲ್ಲುಗಳು, ದಟ್ಟ ಹಬೆ, ಹೊಗೆ ತುಂಬಿದ ಮುಚ್ಚಿದ ಕೋಣೆ, ಅಲ್ಲಿ ಒಂಟಿಯಾಗಿ ಎಚ್ಚರತಪ್ಪಿದರೆ ಸಾವು ಖಂಡಿತ. ಆ ಭಯ ಎಷ್ಟು ಜೀವ ಉಳಿಸಿತೋ. ಕಿಕಿಮೊರಾ ಎಂಬುವಳು ಮನೆಗೆಲಸ ಸರಿಯಿಲ್ಲದ ಕಡೆ ರಾತ್ರಿ ರಾಟೆಯ ನೂಲನ್ನು ಗೋಜಲು ಮಾಡುತ್ತಾಳೆ.

ಸ್ವೀಡನ್ನಿನಲ್ಲಿ ತೊಮ್ತೆ, ನಾರ್ವೆ ಡೆನ್ಮಾರ್ಕುಗಳಲ್ಲಿ ನಿಸ್ಸೆ. ಬೂದುಬಣ್ಣದ ಉಡುಪು, ಕೆಂಪು ಟೋಪಿ, ಮಗುವಿನಷ್ಟು ಎತ್ತರ, ಮುದುಕನ ಗಡ್ಡ. ವರ್ಷವಿಡೀ ದನಕರು ನೋಡಿಕೊಳ್ಳುವ ಇವನಿಗೆ ಸಂಬಳ ಒಂದೇ: ಕ್ರಿಸ್‌ಮಸ್ ಹಿಂದಿನ ರಾತ್ರಿ ಕೊಟ್ಟಿಗೆಯಲ್ಲಿ ಒಂದು ಬಟ್ಟಲು ಬಿಸಿ ಗಂಜಿ, ಅದರ ಮೇಲೆ ಬೆಣ್ಣೆ. ಇವನ ಒಂದು ಕತೆ ಆ ನಾಡಿನಲ್ಲೆಲ್ಲ ಇದೆ. ಒಬ್ಬಳು ಹುಡುಗಿ ಬೆಣ್ಣೆಯನ್ನು ತಳಕ್ಕೆ ಹಾಕಿ ಮೇಲೆ ಗಂಜಿ ಸುರಿದು ಇಟ್ಟಳು. ಬಟ್ಟಲು ನೋಡಿದ ನಿಸ್ಸೆಗೆ ಬೆಣ್ಣೆ ಕಾಣಲಿಲ್ಲ. ಸಿಟ್ಟು ನೆತ್ತಿಗೇರಿ ಮನೆಯ ಅತ್ಯುತ್ತಮ ಹಸುವನ್ನು ಹೊಡೆದು ಸಾಯಿಸಿದ. ಆಮೇಲೆ ಹಸಿವಾಗಿ ಗಂಜಿ ಕುಡಿಯುತ್ತಾ ಹೋದರೆ ತಳದಲ್ಲಿ ಬೆಣ್ಣೆ! ಪಶ್ಚಾತ್ತಾಪ ತಡೆಯಲಾರದೆ ರಾತ್ರೋರಾತ್ರಿ ಹೋಗಿ ಅಂಥದ್ದೇ ಹಸುವೊಂದನ್ನು ಬೇರೆ ಮನೆಯಿಂದ ತಂದು ಕಟ್ಟಿದ. ಈ ಕತೆ ನನಗೆ ಇಷ್ಟವಾಗುವುದು ಅದರಲ್ಲಿ ದೈವಕ್ಕೂ ದುಡುಕು ಇದೆ, ದುಡುಕಿದ್ದಕ್ಕೆ ನಾಚಿಕೆಯೂ ಇದೆ ಎಂಬುದಕ್ಕೆ. ಎಷ್ಟೋ ಪುರಾಣದ ದೊಡ್ಡ ದೇವರುಗಳಲ್ಲಿ ಕಾಣಸಿಗದ ಗುಣ ಅದು.

ಸ್ಕಾಟ್ಲೆಂಡಿನ ಬ್ರೌನಿಯ ಸ್ವಭಾವ ಇನ್ನೂ ಸೂಕ್ಷ್ಮ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ಕಾಳು ಬಡಿಯುತ್ತಾನೆ, ಪಾತ್ರೆ ಬೆಳಗುತ್ತಾನೆ, ಬೆಣ್ಣೆ ಕಡೆಯುತ್ತಾನೆ. ಒಲೆಯ ಪಕ್ಕ ಒಂದು ಬಟ್ಟಲು ಕೆನೆಹಾಲು ಇಟ್ಟಿದ್ದರೆ ಸಾಕು. ಆದರೆ ಅದು ಕೂಲಿ ಎಂದು ಬಾಯಿಬಿಟ್ಟು ಹೇಳಬಾರದು, ಅಲ್ಲಿ ಮರೆತು ಬಿಟ್ಟಂತೆ ಇಟ್ಟಿರಬೇಕು. ಪಾಪ, ಚಿಂದಿ ಉಟ್ಟಿದ್ದಾನೆ ಎಂದು ಕನಿಕರದಿಂದ ಹೊಸ ಬಟ್ಟೆ ಹೊಲಿಸಿ ಇಟ್ಟಿರೋ, ಮುಗಿಯಿತು. ಮತ್ತೆಂದೂ ಆ ಮನೆಯ ಕಡೆ ತಲೆಹಾಕುವುದಿಲ್ಲ. ಗ್ರಿಮ್ ಸೋದರರು ಸಂಗ್ರಹಿಸಿದ ಚಮ್ಮಾರನ ಕತೆಯಲ್ಲೂ ಕುಳ್ಳರು ಹೊಸ ಬಟ್ಟೆ ತೊಟ್ಟ ರಾತ್ರಿಯೇ ಕುಣಿಯುತ್ತಾ ಹೊರಟುಹೋಗುತ್ತಾರೆ. ಯಾಕೆ ಹೀಗೆ ಎಂಬುದಕ್ಕೆ ಅನೇಕ ವಿವರಣೆಗಳಿವೆ. ನನಗೆ ತೋರುವುದು ಇಷ್ಟು: ಪ್ರೀತಿಯಿಂದ ನಡೆದುಬಂದ ಕೆಲಸಕ್ಕೆ ಬೆಲೆ ಕಟ್ಟಿದ ಕೂಡಲೇ ಅದು ಆಳಿನ ಕೆಲಸವಾಗುತ್ತದೆ. ಊರಿನ ಮದುವೆಮನೆಯಲ್ಲಿ ರಾತ್ರಿಯಿಡೀ ತೆಂಗಿನಕಾಯಿ ತುರಿದ ನೆರೆಯವರ ಕೈಗೆ ಬೆಳಿಗ್ಗೆ ನೂರರ ನೋಟು ಇಟ್ಟರೆ ಏನಾಗುತ್ತದೆಂದು ಮಲೆನಾಡಿನ ಯಾರನ್ನಾದರೂ ಕೇಳಿನೋಡಿ.

ಚೀನಾದ ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಒಲೆಯ ದೇವರು ಜಾವೊ ಜುನ್ ಇರುತ್ತಾನೆ. ವರ್ಷವಿಡೀ ಅವನ ಕೆಲಸ ಮನೆಯವರ ನಡತೆ ಗಮನಿಸುವುದು. ಚಾಂದ್ರಮಾನ ವರ್ಷದ ಹನ್ನೆರಡನೆಯ ತಿಂಗಳ 23ನೆಯ ದಿನ, ದಕ್ಷಿಣದಲ್ಲಾದರೆ 24ರಂದು, ಅವನು ಮೇಲಕ್ಕೆ ಹೋಗಿ ಸ್ವರ್ಗದ ದೊರೆ ಜೇಡ್ ಚಕ್ರವರ್ತಿಗೆ ವರದಿ ಒಪ್ಪಿಸಬೇಕು. ಹೊರಡುವ ಮುನ್ನ ಅಂಟುಮಿಠಾಯಿ ನೈವೇದ್ಯ ಮಾಡಿ, ತುಟಿಗೆ ಜೇನೋ ಸಕ್ಕರೆ ಪಾಕವೋ ಸವರುತ್ತಾರೆ. ಬಾಯಿ ಸಿಹಿಯಾದರೆ ಮಾತೂ ಸಿಹಿ, ಅಂಟಿಕೊಂಡರೆ ಮಾತೇ ಇಲ್ಲ. ಆಮೇಲೆ ಹೊಗೆಯಲ್ಲಿ ಕಪ್ಪಾದ ಆ ಹಳೆಯ ಚಿತ್ರವನ್ನು ಸುಟ್ಟು ಅವನನ್ನು ಬೀಳ್ಕೊಡುತ್ತಾರೆ. ಹೊಸವರ್ಷಕ್ಕೆ ಹೊಸ ಚಿತ್ರ. ವಿಯೆಟ್ನಾಮಿನಲ್ಲಿ ಒಲೆಯ ದೇವರುಗಳು ಮೂವರು, ಒಬ್ಬಳು ಹೆಣ್ಣು ಇಬ್ಬರು ಗಂಡು. ಅವರ ವಾಹನ ಕಾರ್ಪ್ ಮೀನು. ಅದೇ 23ರಂದು ಹನೋಯಿಯ ಜನ ಕೆರೆಗಳಿಗೆ ಹೋಗಿ ಜೀವಂತ ಮೀನು ಬಿಟ್ಟು ಬರುತ್ತಾರೆ.

ಪ್ರಾಚೀನ ರೋಮಿನ ಮನೆಗಳಲ್ಲಿ ಇದ್ದವರು ಲಾರೆಸ್. ಕ್ರಿಸ್ತಶಕ 79ರಲ್ಲಿ ವೆಸುವಿಯಸ್ ಉಗುಳಿದ ಬೂದಿಯಡಿ ಹೂತುಹೋದ ಪೊಂಪೇಯಿಯಲ್ಲಿ ಅವರ ಗೂಡುಗಳು ಇವತ್ತಿಗೂ ಕಾಣಸಿಗುತ್ತವೆ, ಹಲವು ಅಡುಗೆಮನೆಯ ಅಕ್ಕಪಕ್ಕದಲ್ಲಿ. ಬಹುಕಾಲದ ದುರಸ್ತಿಯ ನಂತರ 2023ರ ಜನವರಿಯಲ್ಲಿ ಮತ್ತೆ ತೆರೆದ ವೆಟ್ಟಿ ಸೋದರರ ಮನೆಯ ಗೋಡೆಯಲ್ಲಿ ಇಬ್ಬರು ಲಾರೆಸ್ ಕೊಂಬಿನ ಪಾನಪಾತ್ರೆ ಎತ್ತಿ ಕುಣಿಯುತ್ತಿದ್ದಾರೆ. ನಡುವೆ ಯಜಮಾನನ ಕುಲಚೈತನ್ಯ, ಕೆಳಗೆ ನೈವೇದ್ಯದ ಕಡೆ ಹರಿದುಬರುತ್ತಿರುವ ಒಂದು ಹಾವು. ನಾಗರಕಲ್ಲು ನೋಡಿ ಬೆಳೆದ ಕಣ್ಣಿಗೆ ಆ ಹಾವು ಅಪರಿಚಿತವಲ್ಲ. ಮದುವೆಯಾಗಿ ಬಂದ ಹುಡುಗಿ ಗಂಡನ ಮನೆಯ ಲಾರೆಸ್‌ಗೆ ಒಂದು ನಾಣ್ಯ ಒಪ್ಪಿಸಿ ಒಳಗೆ ಸೇರುತ್ತಿದ್ದಳು. ಈ ಪುಟ್ಟ ದೇವರುಗಳನ್ನು ಕಂಡು ಒಬ್ಬ ಚಕ್ರವರ್ತಿಗೆ ಅಸಹನೆಯಾಯಿತು. 392ರ ನವೆಂಬರಿನಲ್ಲಿ ಥಿಯೊಡೋಸಿಯಸ್ ಹೊರಡಿಸಿದ ಶಾಸನ ದೊಡ್ಡ ಬಲಿಗಳನ್ನು ನಿಷೇಧಿಸಿದ್ದಲ್ಲದೆ, ಮನೆಯೊಳಗೆ ಲಾರೆಸ್‌ಗೆ ದೀಪ ಹಚ್ಚುವುದನ್ನೂ ಧೂಪ ಹಾಕುವುದನ್ನೂ ಹೂಮಾಲೆ ತೂಗುವುದನ್ನೂ ಅಪರಾಧವೆಂದು ಸಾರಿತು. ಅಷ್ಟು ದೊಡ್ಡ ಸಾಮ್ರಾಜ್ಯ ಒಬ್ಬ ಗೃಹಿಣಿ ಒಲೆಯ ಪಕ್ಕ ಇಟ್ಟ ಹೂವಿಗೆ ಹೆದರಬೇಕಾಯಿತೆಂದರೆ ಆ ಹೂವಿನ ಶಕ್ತಿ ಸಣ್ಣದಿರಲಿಲ್ಲ.

ಹಾವಿನ ಮಾತು ಬಂತಲ್ಲ, ಲಿಥುವೇನಿಯಾದ ಹಳ್ಳಿಗರು ಮನೆಯೊಳಗೇ ಝಾಲ್ತಿಸ್ ಎಂಬ ವಿಷವಿಲ್ಲದ ಹಾವಿಗೆ ಜಾಗ ಕೊಟ್ಟು ಹಾಲಿಡುತ್ತಿದ್ದರು. ಅದನ್ನು ಕೊಂದರೆ ಮನೆಯ ಅದೃಷ್ಟವೇ ಸತ್ತಂತೆ. ಯುರೋಪಿನಲ್ಲಿ ಕ್ರೈಸ್ತಮತ ಸ್ವೀಕರಿಸಿದ ಕೊನೆಯ ದೇಶಗಳಲ್ಲೊಂದು ಅದು, 1387ರಲ್ಲಿ. ಹಾವಿನ ಮೇಲಿನ ಅಕ್ಕರೆ ಮಾತ್ರ ಆಮೇಲೂ ಶತಮಾನಗಳ ಕಾಲ ಉಳಿಯಿತು. ನಾಗರಪಂಚಮಿಯ ದಿನ ನಮ್ಮ ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಂಚಿಡುವುದಿಲ್ಲ, ಈಳಿಗೆಮಣೆ ಮುಟ್ಟುವುದಿಲ್ಲ. ಒಂದು ದಿನದ ಮಟ್ಟಿಗಾದರೂ ನೆಲದೊಳಗಿನ ಜೀವಕ್ಕೆ ಸುಡುವುದೂ ಬೇಡ ಕೊಯ್ಯುವುದೂ ಬೇಡ ಎಂಬ ಆ ಎಚ್ಚರ ನನಗೆ ಹಾಲೆರೆಯುವುದಕ್ಕಿಂತ ಹೆಚ್ಚು ಹಿಡಿಸುತ್ತದೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ನಾವು ಅದರ ಜಾಗ ಬಿಟ್ಟುಕೊಡುವುದು.

ಜಾಗದ ವಿಷಯದಲ್ಲಿ ಥಾಯ್ಲೆಂಡಿನವರ ನಡತೆ ಬಹಳ ಚೊಕ್ಕ. ನೆಲ ಮೊದಲಿನಿಂದ ಇದ್ದವರದು. ನಾವು ಅಲ್ಲಿ ಮನೆ ಕಟ್ಟಿದರೆ ಅವರಿಗೆ ಬೇರೆ ಮನೆ ಕಟ್ಟಿಕೊಡಬೇಕು. ಅದಕ್ಕೇ ಪ್ರತಿ ಮನೆ, ಅಂಗಡಿ, ಹೋಟೆಲಿನ ಅಂಗಳದಲ್ಲಿ ಕಂಬದ ಮೇಲೆ ಪುಟ್ಟ ಗುಡಿಯಂಥ ಇನ್ನೊಂದು ಮನೆ. ದೊಡ್ಡ ಮನೆಯ ನೆರಳು ಅದರ ಮೇಲೆ ಬೀಳದ ಹಾಗೆ ಜಾಗ ನೋಡಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಹೂವು, ಅನ್ನ, ಹಣ್ಣು. ಜೊತೆಗೆ ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಬಾಟಲಿ. ಬ್ಯಾಂಕಾಕಿನ ಪ್ರಸಿದ್ಧ ಎರಾವಣ ಗುಡಿ ಹುಟ್ಟಿದ್ದೂ ಹೀಗೆಯೇ. ಹೋಟೆಲು ಕಟ್ಟುವಾಗ ಅಡಚಣೆಗಳ ಮೇಲೆ ಅಡಚಣೆ ಬಂದು, ನೆಲದವರನ್ನು ಸಮಾಧಾನಪಡಿಸಲೆಂದು 1956ರಲ್ಲಿ ಚತುರ್ಮುಖ ಬ್ರಹ್ಮನನ್ನು ಅಲ್ಲಿ ಪ್ರತಿಷ್ಠಾಪಿಸಿದರು.

ಇವರೆಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಜಪಾನಿನ ಒಂದು ಮಗು. ಈಶಾನ್ಯ ಜಪಾನಿನ ಇವಾತೆ ಪ್ರಾಂತ್ಯ ಬೆಟ್ಟಗಳ ನಡುವಿನ ಚಳಿನಾಡು. ಅಲ್ಲಿನ ಹಳೆಯ ಮನೆಗಳ ಒಳಕೋಣೆಯಲ್ಲಿ ಐದಾರು ವರ್ಷದ ಮಗುವೊಂದು ವಾಸಿಸುತ್ತದೆ; ಹೆಸರು ಜಾಶಿಕಿ ವರಾಶಿ. ಕೆಂಪು ಮುಖ, ಹಣೆಗೆ ಕತ್ತರಿಸಿಬಿಟ್ಟ ಕೂದಲು. ಯಾರೂ ಇಲ್ಲದ ಕೋಣೆಯಲ್ಲಿ ಪುಟಪುಟ ಹೆಜ್ಜೆ ಕೇಳುತ್ತದೆ, ಮಲಗಿದವರ ದಿಂಬು ತಿರುಗಿರುತ್ತದೆ, ಬೂದಿಯ ಮೇಲೆ ಪುಟ್ಟ ಪಾದದ ಗುರುತು. ಹತ್ತು ಮಕ್ಕಳು ಆಡುತ್ತಿರುವಾಗ ಎಣಿಸಿದರೆ ಹನ್ನೊಂದು. ಆ ಮಗು ಇರುವ ತನಕ ಮನೆಗೆ ಸಿರಿ. ಅದು ಬಿಟ್ಟು ಹೋದರೆ ಅಲ್ಲಿಗೆ ಮನೆತನ ಮುಗಿಯಿತು.

ಟೋನೊ ಎಂಬ ಊರಿನಲ್ಲಿ ಹೇಳುತ್ತಿದ್ದ ಕತೆಯೊಂದರಲ್ಲಿ, ಹಳ್ಳಿಯವನೊಬ್ಬ ಸಂಜೆ ಸೇತುವೆಯ ಬಳಿ ಇಬ್ಬರು ಅಪರಿಚಿತ ಹುಡುಗಿಯರನ್ನು ಕಾಣುತ್ತಾನೆ. ಎಲ್ಲಿಂದ ಬಂದಿರಿ ಅಂದರೆ ಊರಿನ ಸಿರಿವಂತರೊಬ್ಬರ ಮನೆಯ ಹೆಸರು ಹೇಳುತ್ತಾರೆ. ಎಲ್ಲಿಗೆ ಅಂದರೆ ದೂರದ ಇನ್ನೊಂದು ಹಳ್ಳಿಯ ಮನೆ. ಅಯ್ಯೋ, ಆ ಸಿರಿವಂತರ ಮನೆಯ ಕಾಲ ಮುಗಿಯಿತು ಎಂದು ಅವನು ಅಂದುಕೊಳ್ಳುತ್ತಾನೆ. ಸ್ವಲ್ಪ ದಿನದಲ್ಲೇ ಆ ಮನೆಯವರು, ಆಳುಕಾಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ, ವಿಷದ ಅಣಬೆ ತಿಂದು ಒಂದೇ ದಿನ ಸತ್ತುಹೋದರು. ಉಳಿದದ್ದು ಆಟದಲ್ಲಿ ಊಟ ಮರೆತ ಏಳು ವರ್ಷದ ಒಬ್ಬಳು ಹುಡುಗಿ. ಕತೆಯನ್ನು ಬರೆದವರು ಒಂದು ಹನಿ ಕಣ್ಣೀರನ್ನೂ ಸೇರಿಸಿಲ್ಲ. ಅದಕ್ಕೇ ಅದು ಇಷ್ಟು ಇರಿಯುತ್ತದೆ.

ಆದರೆ ಆ ಮಗು ಯಾರು? ಕೆಲವು ಜಾನಪದ ವಿದ್ವಾಂಸರು ಕೊಡುವ ಉತ್ತರ ಕೇಳಿದ ಮೇಲೆ ಹಿಂದಿನಷ್ಟು ಸಲೀಸಾಗಿ ಈ ಕತೆ ಓದಲಾಗುವುದಿಲ್ಲ. ಬರಗಾಲ ಮತ್ತೆ ಮತ್ತೆ ಬಡಿಯುತ್ತಿದ್ದ ಆ ನಾಡಿನಲ್ಲಿ ಸಾಕಲಾಗದ ಹಸುಗೂಸುಗಳನ್ನು ಹುಟ್ಟಿದೊಡನೆ ಕೊನೆಗಾಣಿಸಿ, ಊರ ಸ್ಮಶಾನಕ್ಕೂ ಒಯ್ಯದೆ, ಮನೆಯ ಮಣ್ಣುನೆಲದಲ್ಲೇ ಹುಗಿಯುವುದಿತ್ತು. ಒಳಕೋಣೆಯಲ್ಲಿ ಪುಟಪುಟ ಓಡಾಡುವುದು ಆ ಮಕ್ಕಳೇ ಎನ್ನುತ್ತಾರೆ ಅವರು. ಹೌದಾದರೆ, ಇದು ಮನುಷ್ಯ ಮನಸ್ಸು ಮಾಡಿದ ಅತಿ ದೊಡ್ಡ ಕೆಲಸಗಳಲ್ಲೊಂದು. ಬದುಕಲು ಬಿಡಲಾಗದ ಕೂಸನ್ನು ಆ ತಾಯಂದಿರು ದೆವ್ವವಾಗಿಸಲಿಲ್ಲ. ಅದಕ್ಕೆ ಐದಾರು ವರ್ಷ ವಯಸ್ಸು ಕೊಟ್ಟರು, ಆಟ ಕೊಟ್ಟರು, ಇಡೀ ಮನೆಯ ಭಾಗ್ಯವನ್ನು ಅದರ ಕೈಗೆ ಕೊಟ್ಟರು. ಅದೇ ಪ್ರಾಂತ್ಯದ ನಿನೊಹೆಯಲ್ಲಿ ರ್ಯೊಕುಫೂಸೋ ಎಂಬ ಬಿಸಿನೀರ ಬುಗ್ಗೆಯ ವಸತಿಗೃಹವಿದೆ. ಅಲ್ಲಿನ ಒಂದು ಕೋಣೆಯಲ್ಲಿ ಈ ಮಗು ಇದೆ ಎಂದು ನಂಬಿದ ಜನ ದೇಶದ ಮೂಲೆಮೂಲೆಯಿಂದ ಗೊಂಬೆ, ಚೆಂಡು ಹಿಡಿದು ಬರುತ್ತಿದ್ದರು. 2009ರಲ್ಲಿ ಅದು ಬೆಂಕಿಗೆ ಸಿಕ್ಕಿ ಪೂರ್ತಿ ಸುಟ್ಟುಹೋಯಿತು. ಮತ್ತೆ ಕಟ್ಟಿ 2016ರಲ್ಲಿ ತೆರೆದರು. ಗೊಂಬೆಗಳು ಮತ್ತೆ ಬಂದವು.

ಇಷ್ಟು ಪ್ರೀತಿಯಿಂದ ಬರೆಯುವಾಗಲೂ ಒಂದನ್ನು ಹೇಳದೆ ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ. ಕಾಣದವರ ಮೇಲಿನ ನಂಬಿಕೆ ಯಾವಾಗಲೂ ಬಟ್ಟಲು ಗಂಜಿಯಲ್ಲಿ ಮುಗಿದಿಲ್ಲ. ಐರ್ಲೆಂಡಿನಲ್ಲಿ ಬೆಟ್ಟದೊಳಗಿನ ಜನ ಮನುಷ್ಯರನ್ನು ಕದ್ದೊಯ್ದು, ಅವರಂತೆಯೇ ಇರುವ ಬದಲಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆಂಬ ನಂಬಿಕೆಯಿತ್ತು. 1895ರ ಮಾರ್ಚಿನಲ್ಲಿ ಟಿಪ್ಪರೇರಿ ಕೌಂಟಿಯಲ್ಲಿ ಹೊಲಿಗೆ ಮಾಡಿ ಬದುಕುತ್ತಿದ್ದ ಬ್ರಿಜೆಟ್ ಕ್ಲಿಯರಿ ಎಂಬ 26ರ ಹೆಂಗಸು ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಬದಲಿ ಎಂದು ಗಂಡ ಹಟ ಹಿಡಿದ. ನೆಂಟರಿಷ್ಟರ ಕಣ್ಣೆದುರೇ ಅವಳನ್ನು ಸುಟ್ಟ. ಅವನು ಹದಿನೈದು ವರ್ಷ ಜೈಲಿನಲ್ಲಿದ್ದ. ಅವಳಿಗೆ ಅದರಿಂದ ಏನೂ ಮರಳಲಿಲ್ಲ.

ಜಪಾನಿನಲ್ಲೇ ಇನ್ನೊಂದು ನಂಬಿಕೆ. ಅರವತ್ತು ವರ್ಷಕ್ಕೊಮ್ಮೆ ಬರುವ ಬೆಂಕಿ ಕುದುರೆಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ತಿನ್ನುತ್ತಾಳಂತೆ. 1966 ಅಂಥ ವರ್ಷ. ಆ ಹೊತ್ತಿಗೆ ಬುಲೆಟ್ ರೈಲು ಓಡಿಸಿದ್ದ, ಒಲಿಂಪಿಕ್ಸ್ ನಡೆಸಿದ್ದ ದೇಶದಲ್ಲಿ ಆ ಒಂದು ವರ್ಷ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಮಕ್ಕಳು ಹುಟ್ಟಿದರು. ದೂರ ಯಾಕೆ, ಮೂಲಾ ನಕ್ಷತ್ರ ಮಾವನಿಗಾಗುವುದಿಲ್ಲ, ಆಶ್ಲೇಷಾ ಅತ್ತೆಗಾಗುವುದಿಲ್ಲ ಎಂಬ ಒಂದು ಮಾತಿಗೆ ಎಷ್ಟು ಹೆಣ್ಣುಮಕ್ಕಳ ಜಾತಕಗಳು ಹೋದ ದಾರಿಯಲ್ಲೇ ತಿರುಗಿ ಬಂದಿವೆ! ಗಂಡ ಸತ್ತವಳು ಎದುರಾದರೆ ಹೊರಟ ಕೆಲಸ ಕೆಡುತ್ತದೆ ಎಂದು ಬಾಗಿಲ ಮರೆಗೆ ಸರಿದು ನಿಂತ ನಮ್ಮದೇ ಮನೆಯ ಅತ್ತೆಯರನ್ನು ನಾವೆಲ್ಲ ನೋಡಿದ್ದೇವೆ. ಅವರೂ ಆ ಮನೆಯಲ್ಲಿ ಕಾಣದ ಒಕ್ಕಲೇ ಆಗಿಹೋಗಿದ್ದರು, ಬದುಕಿರುವಾಗಲೇ.

ಆದ್ದರಿಂದ ಯಾವುದೇ ನಂಬಿಕೆಯನ್ನು ನೋಡುವಾಗ ನಾನು ಅದು ಸತ್ಯವೋ ಸುಳ್ಳೋ ಎಂದು ಮೊದಲು ಕೇಳುವುದಿಲ್ಲ. ಅದರ ಖರ್ಚು ಯಾರ ತಲೆಯ ಮೇಲೆ ಎಂದು ಕೇಳುತ್ತೇನೆ. ನಂಬಿದವನೇ ಒಂದು ಹಿಡಿ ಅನ್ನ, ಒಂದು ಹಣತೆ ಎಣ್ಣೆ, ಒಂದು ದಿನದ ಹಂಚು ಈಳಿಗೆಯ ಬಿಡುವು ಕೊಟ್ಟು ತೀರಿಸಿಕೊಳ್ಳುವುದಾದರೆ ಅದು ಸುಖವಾಗಿ ಬಾಳಲಿ. ಬೇರೊಬ್ಬರ ಮೈ, ಮದುವೆ, ಮಾನ ತೆತ್ತು ತೀರಬೇಕಾದರೆ ಅದು ಇವತ್ತೇ ಹೋಗಲಿ. ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕ 2017ರಲ್ಲಿ ತಂದ, 2020ರ ಜನವರಿಯಿಂದ ಜಾರಿಯಲ್ಲಿರುವ ಕಾಯ್ದೆ ಮಡೆಸ್ನಾನದಂಥವನ್ನು ನಿಷೇಧಿಸಿದೆ. ಯಾರ ಮೈಗೂ ನೋವಾಗದ ಮನೆಯ ಪೂಜೆ ಆಚರಣೆಗಳ ಗೊಡವೆಗೆ ಹೋಗಿಲ್ಲ. ಗೆರೆ ಎಳೆಯಬೇಕಾದ ಜಾಗ ಅದೇ.

ಖರ್ಚು ತಾನೇ ಹೊತ್ತು ನಂಬುವವರ ಮನೆಗಳು ಇನ್ನೂ ಇವೆ. ತುಳುನಾಡಿನ ತರವಾಡು ಮನೆಗಳಲ್ಲಿ ಕುಟುಂಬದ ದೈವಕ್ಕೆ ಒಂದು ಕೋಣೆ, ಒಂದು ಉಯ್ಯಾಲೆ ಮೀಸಲು. ಮುಂಬಯಿಯಲ್ಲೋ ದುಬೈಯಲ್ಲೋ ಇರುವವರು ರಜೆ ಹಾಕಿ ಬಂದು ಕಲ್ಲುರ್ಟಿಗೆ ಅಗೆಲು ಬಡಿಸುತ್ತಾರೆ. ಬಾಳೆಲೆಯ ಮೇಲೆ ಅನ್ನ, ಕೋಳಿ ಸಾರು, ಆಮೇಲೆ ಅದೇ ಎಲ್ಲರ ಊಟ. ಕೊಡಗಿನ ಐನ್‌ಮನೆಯ ಪಕ್ಕದ ಕೈಮಡದಲ್ಲಿ ಕುಲದ ಮೊದಲ ಹಿರಿಯನಿಗೆ ವರ್ಷಕ್ಕೊಮ್ಮೆ ಎಡೆಯಿಡುತ್ತಾರೆ. ಐಸ್‌ಲ್ಯಾಂಡಿನಲ್ಲಿ ವರ್ಷದ ಕೊನೆಯ ರಾತ್ರಿ ಗುಪ್ತಜನರು ಮನೆ ಬದಲಿಸುತ್ತಾರೆಂಬ ನಂಬಿಕೆ. ಹಿಂದೆ ಅಲ್ಲಿನ ಮನೆಯೊಡತಿ ಆ ಸಂಜೆ ಮೂಲೆಮೂಲೆ ಗುಡಿಸಿ, ಎಲ್ಲ ಕಡೆ ದೀಪವಿಟ್ಟು, ಮನೆಯ ಸುತ್ತ ನಡೆಯುತ್ತಾ, ಬರುವವರು ಬರಬಹುದು, ಇರುವವರು ಇರಬಹುದು, ಹೋಗುವವರು ಹೋಗಬಹುದು, ನಮ್ಮವರಿಗೆ ಕೇಡು ಬಾರದಿದ್ದರಾಯಿತು ಎಂದು ಸಾರುತ್ತಿದ್ದಳು. ಚಳಿಗಾಲದ ದೀರ್ಘ ಕತ್ತಲೆಯ ಆ ದೇಶದ ದೀಪಗಳು ನಮ್ಮ ದೀಪಾವಳಿಯ ಸಾಲುಹಣತೆಗೆ ಎಷ್ಟು ಹತ್ತಿರದ ಬಂಧುಗಳು!

ಈಗ ನಾವು ಕಟ್ಟುವ ಮನೆಗಳಲ್ಲಿ ತೊಲೆಯಿಲ್ಲ, ಅಟ್ಟವಿಲ್ಲ, ಒಲೆಯ ಹಿಂದೆ ಜಾಗವಿಲ್ಲ. ಹದಿನಾಲ್ಕನೆಯ ಮಹಡಿಯಲ್ಲಿ ಹಿತ್ತಿಲು ಎಲ್ಲಿಂದ ಬರಬೇಕು? ಊರಿನ ಹಳೆಯ ಮನೆಗಳನ್ನು ಕೆಡವಿ, ಕಂಬ ಬಾಗಿಲುಗಳನ್ನು ಮಾರಿ, ಜಾಗ ಹಂಚಿಕೊಳ್ಳುವ ಕಾಲವಿದು. ಹೊಸಿಲು, ಜಂತಿ, ಕಣಜಗಳ ಜೊತೆಗೆ ಅವುಗಳಲ್ಲಿದ್ದವರ ಕತೆಗಳೂ ಹೋಗುತ್ತಿವೆ. ಕೆಡವುವ ಮುನ್ನ ಅವರಿಗೊಂದು ಮಾತು ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಟೋನೊದ ಕತೆಗಳು ನಮಗೆ ಉಳಿದದ್ದು ಇಬ್ಬರಿಂದ. ಆ ಊರಿನಿಂದ ಓದಲೆಂದು ಟೋಕಿಯೋಗೆ ಬಂದಿದ್ದ, ಇಪ್ಪತ್ತೆರಡರ ಆಸುಪಾಸಿನ ಸಾಸಾಕಿ ಕಿಝೆನ್ ಬಾಯಲ್ಲಿ ಹೇಳಿದ. ಸರ್ಕಾರಿ ಅಧಿಕಾರಿಯಾಗಿದ್ದ ಯಾನಾಗಿತಾ ಕುನಿಯೊ ಕೂತು ಬರೆದುಕೊಂಡ. ಒಟ್ಟು 119 ತುಣುಕುಗಳು. 1910ರಲ್ಲಿ ಅಚ್ಚಾದದ್ದು 350 ಪ್ರತಿ. ಜಪಾನಿನ ಜಾನಪದ ಅಧ್ಯಯನ ಇವತ್ತಿಗೂ ತನ್ನ ಆರಂಭವೆಂದು ತೋರಿಸುವುದು ಆ ತೆಳ್ಳನೆಯ ಪುಸ್ತಕವನ್ನು. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ಅಜ್ಜನೋ ಇದ್ದರೆ ಮುಂದಿನ ಹಬ್ಬಕ್ಕೆ ಹೋದಾಗ ಒಂದು ಸಂಜೆ ಅವರ ಪಕ್ಕ ಕೂತು ಕೇಳಿ: ಈ ಮನೆಯಲ್ಲಿ ಯಾರ್‍ಯಾರಿದ್ದರು, ಎಲ್ಲೆಲ್ಲಿದ್ದರು, ಏನು ಉಣ್ಣುತ್ತಿದ್ದರು, ಯಾವುದಕ್ಕೆ ಮುನಿಯುತ್ತಿದ್ದರು. ಅವರು ಹೇಳಿದ್ದನ್ನು ತಿದ್ದಬೇಡಿ, ಅವರ ಮಾತಿನಲ್ಲೇ ಬರೆದಿಡಿ, ಊರಿನ ಹೆಸರೂ ಇಸವಿಯೂ ಇರಲಿ.